ಹಲ್ಲುಚಕ್ರದ ಸಾಕ್ಷ್ಯ: ಪಶ್ಚಿಮ ಬೆಂಗಳೂರಿನ ಮೋಟಾರು ಸೈಕಲ್ಲುಗಳ ಚರಿತ್ರೆಗೆ ಒಂದು ಆಕರ

೧. ಪೀಠಿಕೆ

ಚರಿತ್ರೆಯ ಆಕರಗಳು ಯಾವುವೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಶಾಸನ, ನಾಣ್ಯ, ಕೈಫಿಯತ್ತು, ಸರ್ಕಾರದ ಕಡತ, ಪ್ರವಾಸಿಗಳ ಬರಹ ಎಂದು ತಡವರಿಸದೆ ಹೇಳುತ್ತಾರೆ. ಈ ಪಟ್ಟಿ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಯಂತ್ರಯುಗದ ಚರಿತ್ರೆಯನ್ನು ಬರೆಯಹೊರಟವನಿಗೆ ಯಂತ್ರದ ಭಾಗಗಳೇ ಶಾಸನಗಳಾಗುತ್ತವೆ. ಮೋಟಾರು ಸೈಕಲ್ಲಿನ ಎಂಜಿನ್ನಿನ ಬಳಿ ಇರುವ ಅಂಗೈಯಗಲದ ಉಕ್ಕಿನ ಚಕ್ರವೊಂದಕ್ಕೆ ಹದಿನಾರು ಹಲ್ಲುಗಳಿದ್ದವೇ, ಹದಿನೇಳಿದ್ದವೇ ಎಂಬುದು ಮೇಲುನೋಟಕ್ಕೆ ಅತ್ಯಲ್ಪವಾದ ಸಂಗತಿ. ಆದರೆ ಆ ಒಂದು ಹಲ್ಲಿನ ಹೆಚ್ಚು ಕಡಿಮೆಯಲ್ಲಿ ಆ ವಾಹನವು ಯಾವ ರಸ್ತೆಯಲ್ಲಿ ಓಡಿತು, ಎಷ್ಟು ಭಾರ ಹೊತ್ತಿತು, ಅದರ ಒಡೆಯನಿಗೆ ವೇಗ ಮುಖ್ಯವಾಗಿತ್ತೋ ಎಳೆತ ಮುಖ್ಯವಾಗಿತ್ತೋ ಎಂಬ ವಿವರಗಳೆಲ್ಲ ಅಡಗಿರುತ್ತವೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಬೆಂಗಳೂರನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಂತ್ರವೊಂದರ ಚರಿತ್ರೆ ಕಾರ್ಖಾನೆಯ ಬಾಗಿಲಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಮುಂದೆಯೂ ನಡೆಯುತ್ತದೆ, ಆ ಮುಂದಿನ ಭಾಗವನ್ನು ಬರೆದವರು ಗ್ಯಾರೇಜಿನ ಕೆಲಸಗಾರರು ಎಂಬುದು ಇಲ್ಲಿಯ ಪ್ರತಿಪಾದನೆ. ಗ್ಯಾರೇಜಿನ ಮಾತಿನಲ್ಲಿ ಈ ಚಕ್ರಕ್ಕೆ ಸ್ಪ್ರಾಕೆಟ್ ಎಂದೇ ಹೆಸರು. ಈ ಲೇಖನದಲ್ಲಿ ಅದನ್ನು ಹಲ್ಲುಚಕ್ರ ಎಂದು ಕರೆದಿದೆ.

೨. ಹಲ್ಲುಚಕ್ರದ ತತ್ತ್ವ

ಮೋಟಾರು ಸೈಕಲ್ಲಿನಲ್ಲಿ ಎರಡು ಹಲ್ಲುಚಕ್ರಗಳಿರುತ್ತವೆ. ಗೇರುಪೆಟ್ಟಿಗೆಯಿಂದ ಹೊರಬರುವ ದಂಡಕ್ಕೆ ಚಿಕ್ಕದನ್ನೂ ಹಿಂದಿನ ಗಾಲಿಗೆ ದೊಡ್ಡದನ್ನೂ ಕೂಡಿಸಿ, ಎರಡನ್ನೂ ಚೈನು ಬಳಸಿರುತ್ತದೆ. ಚಿಕ್ಕ ಚಕ್ರಕ್ಕೆ ೧೬ ಹಲ್ಲುಗಳೂ ದೊಡ್ಡದಕ್ಕೆ ೪೮ ಹಲ್ಲುಗಳೂ ಇವೆಯೆಂದು ಭಾವಿಸಿದರೆ, ಚಿಕ್ಕದು ಮೂರು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಸುತ್ತು ಮೂರರಲ್ಲಿ ಒಂದು ಪಾಲಾಯಿತು. ಅದಕ್ಕೆ ಪ್ರತಿಯಾಗಿ ತಿರುಚುವ ಬಲ ಮೂರು ಪಾಲಾಯಿತು. ಇದೇ ಈ ವಿಷಯದ ಮೂಲಸೂತ್ರ. ವೇಗವನ್ನು ಕೊಟ್ಟು ಬಲವನ್ನು ಪಡೆಯಬಹುದು, ಬಲವನ್ನು ಕೊಟ್ಟು ವೇಗವನ್ನು ಪಡೆಯಬಹುದು. ಎರಡನ್ನೂ ಏಕಕಾಲದಲ್ಲಿ ಪಡೆಯಲಾಗದು.

ಮುಂದಿನ ಚಕ್ರದ ಹಲ್ಲನ್ನು ಕಡಿಮೆ ಮಾಡಿದರೂ, ಹಿಂದಿನ ಚಕ್ರದ ಹಲ್ಲನ್ನು ಹೆಚ್ಚಿಸಿದರೂ ಎಳೆತ ಹೆಚ್ಚುತ್ತದೆ; ಗ್ಯಾರೇಜಿನವರು ‘ಪಿಕಪ್’ ಎನ್ನುವುದು ಇದನ್ನೇ. ಇದಕ್ಕೆ ವಿರುದ್ಧವಾಗಿ ಮುಂದಿನದನ್ನು ಹೆಚ್ಚಿಸಿದರೆ ಅದೇ ವೇಗಕ್ಕೆ ಎಂಜಿನ್ನು ಕಡಿಮೆ ಸುತ್ತು ತಿರುಗಿ ಸಾವಧಾನವಾಗಿ ಓಡುತ್ತದೆ. ಆದರೆ ಎರಡು ಚಕ್ರಗಳ ಹಲ್ಲುಗಳೂ ಸಮಾನ ಬೆಲೆಯವಲ್ಲ. ಮುಂದೆ ೧೬ರಲ್ಲಿ ಒಂದು ಹಲ್ಲೆಂದರೆ ಶೇಕಡಾ ಆರೂಕಾಲು. ಹಿಂದೆ ೪೮ರಲ್ಲಿ ಒಂದು ಹಲ್ಲೆಂದರೆ ಶೇಕಡಾ ಎರಡಕ್ಕಿಂತ ತುಸು ಹೆಚ್ಚು. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲುಗಳಿಗೆ ಸಮನೆಂದಾಯಿತು.

ಈ ವಿದ್ಯೆ ಮೋಟಾರು ಸೈಕಲ್ಲಿನೊಡನೆ ಹುಟ್ಟಿದುದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬ ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರನು ೧೮೮೦ರಲ್ಲಿ ಉರುಳೆಯುಳ್ಳ ಚೈನನ್ನು ರೂಪಿಸಿದನು. ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ೧೮೮೫ರಲ್ಲಿ ಹೊರತಂದ ರೋವರ್ ಸೈಕಲ್ಲು ಹಿಂದಿನ ಗಾಲಿಯನ್ನು ಚೈನಿನಿಂದಲೇ ಓಡಿಸಿತು. ಅದಕ್ಕೆ ಮುಂಚಿನ ಎತ್ತರದ ಸೈಕಲ್ಲಿನಲ್ಲಿ ಹೆಚ್ಚು ವೇಗ ಬೇಕಾದವನು ಹೆಚ್ಚು ದೊಡ್ಡ ಗಾಲಿಯನ್ನೇ ಏರಬೇಕಾಗಿತ್ತು. ಸವಾರನ ಕಾಲಿನ ಉದ್ದವೇ ವೇಗದ ಮಿತಿಯಾಗಿತ್ತು. ಚೈನು ಬಂದ ಮೇಲೆ ಗಾಲಿಯ ಅಳತೆಗೂ ವೇಗಕ್ಕೂ ಇದ್ದ ಆ ಗಂಟು ಬಿಚ್ಚಿತು. ಗಾಲಿಯನ್ನು ಹಾಗೆಯೇ ಇಟ್ಟುಕೊಂಡು ಹಲ್ಲುಗಳನ್ನು ಮಾತ್ರ ಬದಲಿಸಿ ಯಂತ್ರದ ಸ್ವಭಾವವನ್ನು ಬದಲಿಸಬಹುದೆಂಬ ಸೌಲಭ್ಯವು ಜನಸಾಮಾನ್ಯರ ಕೈಗೆ ಬಂದುದು ಅಂದಿನಿಂದ.

೩. ಯಾದವಗಿರಿಯಿಂದ ಕೆಂಗೇರಿಗೆ

ಬೆಂಗಳೂರಿನ ಪಶ್ಚಿಮ ಭಾಗದ ಮೋಟಾರು ಸೈಕಲ್ಲುಗಳ ವಿಚಾರವನ್ನು ಮೈಸೂರಿನಿಂದ ಆರಂಭಿಸುವುದು ಯುಕ್ತ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಕನ್ನಡ ನಾಡಿನ ಮೋಟಾರು ಸೈಕಲ್ ಚರಿತ್ರೆಯಲ್ಲಿ ಒಂದು ಮುಖ್ಯ ಘಟ್ಟ. ಸ್ವಾತಂತ್ರ್ಯಾನಂತರ ವಿದೇಶೀ ವಾಹನಗಳ ಆಮದಿಗೆ ನಿರ್ಬಂಧ ಬಿದ್ದಾಗ, ಆಮದು ಮಾಡುತ್ತಿದ್ದವರು ಇಲ್ಲಿಯೇ ತಯಾರಿಸುವ ಉಪಾಯವನ್ನು ಹುಡುಕಬೇಕಾಯಿತು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರು ಸ್ಥಾಪಿಸಿದ ಈ ಕಾರ್ಖಾನೆಯು ೧೯೬೧ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರಿಂದ ಉದ್ಘಾಟಿತವಾಯಿತು. ಅಲ್ಲಿ ತಯಾರಾದುದು ಚೆಕೊಸ್ಲೊವಾಕಿಯದ ಜಾವಾ. ಫ್ರಾಂಟಿಷೆಕ್ ಯಾನೆಚೆಕ್ ಎಂಬುವನು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲಿನ ಹಕ್ಕನ್ನು ಪಡೆದು, ತನ್ನ ಹೆಸರಿನ ಮೊದಲ ಎರಡಕ್ಷರಗಳಿಗೆ ಆ ಸಂಸ್ಥೆಯ ಹೆಸರಿನ ಎರಡಕ್ಷರಗಳನ್ನು ಸೇರಿಸಿ ಈ ಹೆಸರನ್ನು ಕಟ್ಟಿದನು. ೧೯೭೩ರಿಂದ ಮೈಸೂರಿನ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ೧೯೯೬ರಲ್ಲಿ ಉತ್ಪಾದನೆ ನಿಂತಿತು.

ಮೈಸೂರಿನ ಜಾವಾದ ಎಂಜಿನ್ನಿನ ಸಿಲಿಂಡರಿನ ವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನಿನ ಓಟ ೭೫ ಮಿಲಿಮೀಟರು, ಗಾತ್ರ ೨೪೮.೫ ಘನ ಸೆಂಟಿಮೀಟರು. ಗಾಲಿಗಳು ೧೬ ಇಂಚಿನವು. ಎರಡು ಹೊಗೆಕೊಳವೆಗಳು, ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ. ನಮ್ಮ ವಿಷಯಕ್ಕೆ ಮುಖ್ಯವಾದ ಎರಡು ಲಕ್ಷಣಗಳು ಬೇರೆಯಿವೆ. ಒಂದು, ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿತ್ತು. ಧೂಳಿನ ರಸ್ತೆಗಳ ನಾಡಿನಲ್ಲಿ ಇದು ಚೈನಿನ ಆಯುಷ್ಯವನ್ನು ಹೆಚ್ಚಿಸಿತು. ಎರಡು, ಹಿಂದಿನ ಗಾಲಿಯನ್ನು ಕಳಚಿದರೂ ಹಲ್ಲುಚಕ್ರವೂ ಚೈನೂ ತಮ್ಮ ಸ್ಥಾನದಲ್ಲೇ ಉಳಿಯುತ್ತಿದ್ದವು. ಪಂಕ್ಚರು ಹಾಕುವವನ ಕೈಗೆ ಎಣ್ಣೆಯ ಮಸಿ ಅಂಟುತ್ತಿರಲಿಲ್ಲ. ಆದರೆ ಮುಚ್ಚಿದ ಪೆಟ್ಟಿಗೆಗೆ ಇನ್ನೊಂದು ಪರಿಣಾಮವೂ ಇತ್ತು. ಅದು ಹಿಂದಿನ ಚಕ್ರದ ಅಳತೆಗೆ ತಕ್ಕಂತೆ ರೂಪುಗೊಂಡಿದ್ದುದರಿಂದ ಅಲ್ಲಿ ಹೆಚ್ಚು ದೊಡ್ಡ ಚಕ್ರಕ್ಕೆ ಎಡೆಯಿರಲಿಲ್ಲ. ಬದಲಾವಣೆ ಬೇಕೆಂದವನು ಮುಂದಿನ ಚಿಕ್ಕ ಚಕ್ರಕ್ಕೇ ಕೈಹಾಕಬೇಕಾಗಿತ್ತು.

ಕಾರ್ಖಾನೆಯಿಂದ ಹೊರಟ ವಾಹನ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿಗಳನ್ನು ದಾಟಿ ಕೆಂಗೇರಿಯ ಮೂಲಕ ಬೆಂಗಳೂರನ್ನು ಪ್ರವೇಶಿಸುತ್ತಿತ್ತು. ಸುಮಾರು ೧೪೦ ಕಿಲೋಮೀಟರಿನ ಈ ದಾರಿಯಲ್ಲಿ ಕಡಿದಾದ ಘಟ್ಟವಿಲ್ಲ. ಆದರೆ ಮೈಸೂರಿನಿಂದ ಪಶ್ಚಿಮಕ್ಕೆ ತಿರುಗಿದರೆ ಮಡಿಕೇರಿಯ ಏರು ಬರುತ್ತದೆ, ಮಲೆನಾಡಿನಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳಿವೆ, ಶಿರಾಡಿ, ಚಾರ್ಮಾಡಿಗಳಿವೆ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ವಾಹನವು ಈ ಎಲ್ಲ ದಾರಿಗಳನ್ನೂ ಒಂದೇ ಹಲ್ಲಿನ ಲೆಕ್ಕದಲ್ಲಿ ಸವೆಸಬೇಕಾಗಿತ್ತು. ತಯಾರಕನು ಮಾಡಿದ ನಿರ್ಣಯವು ಸರಾಸರಿ ಸವಾರನಿಗಾಗಿ, ಸರಾಸರಿ ರಸ್ತೆಗಾಗಿ ಮಾಡಿದುದು. ಆದರೆ ಸರಾಸರಿ ರಸ್ತೆಯಲ್ಲಿ ಯಾರೂ ಸಂಚರಿಸುವುದಿಲ್ಲ. ಪ್ರತಿಯೊಬ್ಬನೂ ತನ್ನ ಊರಿನ ರಸ್ತೆಯಲ್ಲಿ ಸಂಚರಿಸುತ್ತಾನೆ. ಹಲ್ಲುಚಕ್ರವನ್ನು ಬದಲಿಸುವ ಪದ್ಧತಿಯ ಮೂಲ ಈ ಅಂತರದಲ್ಲಿದೆ.

೪. ಪಶ್ಚಿಮ ಬೆಂಗಳೂರಿನ ಅನುಕೂಲ

ಈ ಪದ್ಧತಿಗೆ ಪಶ್ಚಿಮ ಬೆಂಗಳೂರು ತಕ್ಕ ನೆಲವಾದುದಕ್ಕೆ ಕಾರಣಗಳಿವೆ. ಶ್ರೀ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಮೊದಲಿನಿಂದಲೂ ಕೈಗಾರಿಕೆಯ ಬಡಾವಣೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಚಿಕ್ಕ ಕಾರ್ಖಾನೆಗಳಿಗಾಗಿ ಕೈಗಾರಿಕಾ ವಸಾಹತುಗಳನ್ನು ನಿರ್ಮಿಸುವ ನೀತಿಗೆ ಪ್ರಾಶಸ್ತ್ಯ ಬಂದಿತು. ೧೯೬೦ರಲ್ಲಿ ಈ ವಸಾಹತುಗಳ ಪೋಷಣೆಗಾಗಿಯೇ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ನಗರದ ಉತ್ತರಕ್ಕೆ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಲೇಥು ಮೊದಲಾದ ಮೂಲಯಂತ್ರಗಳನ್ನು ತಯಾರಿಸಿತು. ೧೯೭೨ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೇ ನೆಲೆಗೊಂಡಿತು. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಪೀಣ್ಯಗಳವರೆಗೆ ಚಿಕ್ಕ ಚಿಕ್ಕ ಯಂತ್ರಶಾಲೆಗಳು ಹಬ್ಬಿದವು.

ಇದರ ಫಲವೇನೆಂದರೆ, ಉಕ್ಕನ್ನು ಕಡೆಯುವ, ಹಲ್ಲು ಕೊರೆಯುವ, ಹದಗೊಳಿಸುವ ಮೂರು ಕೆಲಸಗಳೂ ಕೂಗಳತೆಯ ದೂರದಲ್ಲಿ ಸಾಧ್ಯವಾದವು. ಹಲ್ಲುಚಕ್ರವೆಂಬುದು ಗಹನವಾದ ಯಂತ್ರಭಾಗವಲ್ಲ. ಚೈನಿನ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಇರುವ ಅಂತರ, ಉರುಳೆಯ ವ್ಯಾಸ, ಬೇಕಾದ ಹಲ್ಲುಗಳ ಸಂಖ್ಯೆ, ನಡುವಿನ ರಂಧ್ರದ ಆಕಾರ ಇಷ್ಟು ತಿಳಿದರೆ, ವೃತ್ತವನ್ನು ಸಮಭಾಗ ಮಾಡುವ ಉಪಕರಣವಿರುವ ಯಾವ ಮಿಲ್ಲಿಂಗ್ ಯಂತ್ರದಲ್ಲಿಯೂ ಅದನ್ನು ಕಡೆಯಬಹುದು. ದೊಡ್ಡ ಕಾರ್ಖಾನೆಯ ಬಿಡಿಭಾಗ ಸಿಕ್ಕದ ಕಡೆ, ಅಥವಾ ಆ ಕಾರ್ಖಾನೆ ಎಂದೂ ತಯಾರಿಸದ ಹಲ್ಲಿನ ಸಂಖ್ಯೆ ಬೇಕಾದ ಕಡೆ, ಇಂಥ ನೆರೆಹೊರೆ ಎಷ್ಟು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಸವಾರರ ಕಡೆ ನೋಡಿದರೆ, ಅಗತ್ಯಗಳು ಭಿನ್ನವಾಗಿದ್ದವು. ವಿಜಯನಗರ, ಬಸವೇಶ್ವರನಗರಗಳಂಥ ವಸತಿ ಬಡಾವಣೆಗಳಲ್ಲಿ ಮನೆ ಮಾಡಿದ ನೌಕರನಿಗೆ ಮೋಟಾರು ಸೈಕಲ್ಲೇ ಕುಟುಂಬದ ವಾಹನ. ಹೆಂಡತಿ ಹಿಂದೆ, ಮಗುವೊಂದು ಪೆಟ್ರೋಲು ಟ್ಯಾಂಕಿನ ಮೇಲೆ, ಇನ್ನೊಂದು ನಡುವೆ ಕುಳಿತ ವಾಹನವು ನಿಂತಲ್ಲಿಂದ ಹೊರಡುವಾಗ ಎಂಜಿನ್ನು ಎಷ್ಟು ಎಳೆಯಬಲ್ಲುದು ಎಂಬುದೇ ಮುಖ್ಯ ಪ್ರಶ್ನೆ. ನೂರು ಕಿಲೋಮೀಟರು ವೇಗ ಮುಟ್ಟುವುದೇ ಎಂಬುದಲ್ಲ. ಮಾಗಡಿಯ ಕಡೆಯಿಂದ ಹಾಲಿನ ಕ್ಯಾನುಗಳನ್ನೋ ತರಕಾರಿಯ ಮೂಟೆಗಳನ್ನೋ ಕಟ್ಟಿಕೊಂಡು ಬರುವವನ ಪ್ರಶ್ನೆಯೂ ಇದೇ. ಆದರೆ ಕೆಂಗೇರಿಯ ಮೂಲಕ ಮೈಸೂರಿಗೆ ಒಬ್ಬನೇ ಹೋಗಿಬರುವವನಿಗೆ ನಾಲ್ಕನೆಯ ಗೇರಿನಲ್ಲಿ ಎಂಜಿನ್ನು ಅರಚದೆ ಓಡಬೇಕು. ಮದರಾಸಿನ ಬಳಿಯ ಷೋಳಾವರಂ ಹಳೆಯ ವಿಮಾನದಾರಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಿಗೆ ಹೋಗುವವನಿಗಾದರೋ ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಸಿಗುವ ಅಂತಿಮ ವೇಗವೇ ಸರ್ವಸ್ವ. ಹೀಗೆ ಒಂದೇ ಮಾದರಿಯ ವಾಹನದಿಂದ ಮೂರು ಬಗೆಯ ಜನ ಮೂರು ಬಗೆಯ ಸೇವೆಯನ್ನು ಕೇಳಿದರು.

೫. ಬುಲೆಟ್ಟಿನ ಉದಾಹರಣೆ

ಲೆಕ್ಕವನ್ನು ಸ್ಪಷ್ಟಪಡಿಸಲು ಬುಲೆಟ್ಟಿನ ಉದಾಹರಣೆ ಅನುಕೂಲವಾಗಿದೆ. ಇಂಗ್ಲೆಂಡಿನ ರೆಡ್ಡಿಚ್ಚಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಸಹಯೋಗದಲ್ಲಿ ೧೯೫೫ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಕಾರ್ಖಾನೆಯು ೩೫೦ ಘನ ಸೆಂಟಿಮೀಟರಿನ ಬುಲೆಟ್ಟನ್ನು ತಯಾರಿಸಿತು. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟುಗಳಲ್ಲಿ ಹಿಂದಿನ ಹಲ್ಲುಚಕ್ರಕ್ಕೆ ೩೮ ಹಲ್ಲುಗಳು. ಅದು ಬ್ರೇಕಿನ ಡ್ರಮ್ಮಿನೊಡನೆ ಒಂದೇ ತುಂಡಾಗಿರುತ್ತದೆ. ಅದನ್ನು ಬದಲಿಸಬೇಕಾದರೆ ಡ್ರಮ್ಮನ್ನೇ ಬದಲಿಸಬೇಕು. ಆದುದರಿಂದ ಇಲ್ಲಿಯೂ ಬದಲಾವಣೆ ನಡೆದುದು ಮುಂದಿನ ಚಕ್ರದಲ್ಲಿಯೇ. ಬುಲೆಟ್ಟಿನವರ ಮಾತಿನಲ್ಲಿ ಇಂದಿಗೂ ‘ಹದಿನಾರು’, ‘ಹದಿನೇಳು’, ‘ಹದಿನೆಂಟು’ ಎಂದರೆ ಮುಂದಿನ ಹಲ್ಲುಗಳೆಂದೇ ಅರ್ಥ.

೩೮ನ್ನು ೧೬ರಿಂದ ಭಾಗಿಸಿದರೆ ೨.೩೭೫, ೧೭ರಿಂದ ಭಾಗಿಸಿದರೆ ೨.೨೩೫, ೧೮ರಿಂದ ಭಾಗಿಸಿದರೆ ೨.೧೧೧. ಹಲ್ಲು ೧೬ ಇರುವಾಗ ಒಂದು ನಿರ್ದಿಷ್ಟ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ೪,೫೦೦ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ೧೭ಕ್ಕೆ ಬದಲಿಸಿದರೆ ಅದೇ ವೇಗಕ್ಕೆ ಸುಮಾರು ೪,೨೩೫ ಸುತ್ತುಗಳು ಸಾಕು. ೧೫ಕ್ಕೆ ಇಳಿಸಿದರೆ ೪,೮೦೦ ಬೇಕು. ಸಮತಟ್ಟಾದ ದಾರಿಯಲ್ಲಿ ಮೊದಲನೆಯದು ಎಂಜಿನ್ನಿಗೆ ವಿಶ್ರಾಂತಿ. ಏರಿನಲ್ಲಿಯೂ ಭಾರದಲ್ಲಿಯೂ ಅದೇ ವಿಶ್ರಾಂತಿ ಹೊರೆಯಾಗುತ್ತದೆ. ಸವಾರನು ಪದೇ ಪದೇ ಕೆಳಗಿನ ಗೇರಿಗೆ ಇಳಿಯಬೇಕಾಗುತ್ತದೆ, ಹೊರಡುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸಬೇಕಾಗುತ್ತದೆ.

ಗಾಲಿಯ ಅಳತೆಯೂ ಈ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಮರೆಯಬಾರದು. ಮೈಸೂರಿನ ಕಾರ್ಖಾನೆಯೇ ೧೬ ಇಂಚಿನ ಗಾಲಿಯಿಂದ, ೧೯೭೦ರ ದಶಕದ ಕೊನೆಯಲ್ಲಿ ಬಂದ ರೋಡ್‌ಕಿಂಗ್ ಮಾದರಿಯಲ್ಲಿ ೧೮ ಇಂಚಿನ ಗಾಲಿಗೆ ಏರಿತು. ಹಲ್ಲುಗಳು ಇದ್ದಷ್ಟೇ ಇದ್ದು ಗಾಲಿ ದೊಡ್ಡದಾದರೆ, ಮುಂದಿನ ಚಕ್ರಕ್ಕೆ ಹಲ್ಲು ಸೇರಿಸಿದಂತೆಯೇ ಆಗುತ್ತದೆ. ಎರಡು ವಾಹನಗಳನ್ನು ಹೋಲಿಸುವಾಗ ಹಲ್ಲನ್ನು ಮಾತ್ರ ಎಣಿಸಿ ತೀರ್ಪು ಕೊಡುವುದು ಸಲ್ಲದು.

೬. ಸಾಕ್ಷಿಯ ಪರೀಕ್ಷೆ

ಹಲ್ಲುಚಕ್ರ ಬದಲಿಸಿದವರನ್ನು ವಿಚಾರಿಸಿದರೆ ಎರಡು ಹೇಳಿಕೆಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಹಲ್ಲು ಇಳಿಸಿದವನು ‘ಪಿಕಪ್ ಬಂತು, ಮೈಲೇಜಿನಲ್ಲಿ ವ್ಯತ್ಯಾಸವಿಲ್ಲ’ ಎನ್ನುತ್ತಾನೆ. ಹಲ್ಲು ಏರಿಸಿದವನು ‘ಹೈವೇಯಲ್ಲಿ ಹಾಯಾಗಿದೆ, ಆದರೆ ಮೈಲೇಜ್ ಹೆಚ್ಚಲಿಲ್ಲ’ ಎನ್ನುತ್ತಾನೆ. ೧೯೭೩ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದ ಮೇಲೆ ಮೈಲೇಜು ಪ್ರತಿಯೊಂದು ಮನೆಯ ಜಮಾಖರ್ಚಿನ ವಿಷಯವಾಯಿತು. ಆದುದರಿಂದ ಇವು ಹಗುರವಾದ ಮಾತುಗಳಲ್ಲ. ಆದರೆ ಇತಿಹಾಸಕಾರನು ಸಾಕ್ಷಿಯನ್ನು ನಂಬುವ ಮುನ್ನ ಸಾಕ್ಷಿಯು ನಿಂತ ಸ್ಥಳವನ್ನು ಪರೀಕ್ಷಿಸಬೇಕು.

ಇಲ್ಲಿ ಸಾಕ್ಷಿಯೆಂದರೆ ದೂರವನ್ನು ಅಳೆಯುವ ಮೀಟರು. ಕೆಲವು ವಾಹನಗಳಲ್ಲಿ ಮೀಟರಿನ ತಂತಿ ಮುಂದಿನ ಗಾಲಿಯಿಂದ ಬರುತ್ತದೆ. ಅಂಥವುಗಳಲ್ಲಿ ಹಲ್ಲು ಬದಲಿಸಿದರೂ ಮೀಟರು ಸತ್ಯವನ್ನೇ ಹೇಳುತ್ತದೆ. ಇನ್ನು ಕೆಲವುಗಳಲ್ಲಿ ತಂತಿ ಗೇರುಪೆಟ್ಟಿಗೆಯಿಂದ ಬರುತ್ತದೆ. ಈ ಎರಡನೆಯ ಬಗೆಯಲ್ಲಿ ಮೀಟರು ಗಾಲಿಯ ಸುತ್ತನ್ನು ಕಾಣುವುದೇ ಇಲ್ಲ. ಗೇರುಪೆಟ್ಟಿಗೆಯ ದಂಡದ ಸುತ್ತನ್ನು ಎಣಿಸಿ, ಕಾರ್ಖಾನೆಯು ಇಟ್ಟ ಹಲ್ಲುಗಳೇ ಇವೆಯೆಂದು ನಂಬಿ ದೂರವನ್ನು ಸಾರುತ್ತದೆ. ೧೬ ಹಲ್ಲನ್ನು ೧೫ಕ್ಕೆ ಇಳಿಸಿದಾಗ ಮೀಟರು ೧೦೦ ಕಿಲೋಮೀಟರು ತೋರಿಸಿದರೆ ವಾಹನ ನಿಜವಾಗಿ ಓಡಿರುವುದು ೯೩.೭೫ ಕಿಲೋಮೀಟರು. ೧೭ಕ್ಕೆ ಏರಿಸಿದಾಗ ಮೀಟರಿನ ೧೦೦ಕ್ಕೆ ನಿಜವಾದ ಓಟ ೧೦೬.೨೫ ಕಿಲೋಮೀಟರು. ಹಲ್ಲು ಇಳಿಸಿದವನಿಗೆ ನಷ್ಟವಾದರೂ ಮೀಟರು ಅದನ್ನು ಮುಚ್ಚಿಡುತ್ತದೆ. ಏರಿಸಿದವನಿಗೆ ಲಾಭವಾದರೂ ಅದನ್ನೂ ಮುಚ್ಚಿಡುತ್ತದೆ. ಮೇಲಿನ ಎರಡು ಹೇಳಿಕೆಗಳು ಪ್ರಾಮಾಣಿಕವಾಗಿಯೇ ತಪ್ಪಾಗಿರಲು ಸಾಧ್ಯ.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದಾಗಿ, ಬಾಯಿಮಾತಿನ ಸಾಕ್ಷ್ಯವನ್ನು ಸಂಗ್ರಹಿಸುವವನು ಯಂತ್ರದ ರಚನೆಯನ್ನೂ ತಿಳಿದಿರಬೇಕು. ತಾಮ್ರಶಾಸನವನ್ನು ಓದುವವನು ಲಿಪಿಯನ್ನು ತಿಳಿದಿರಬೇಕಾದಂತೆಯೇ ಇದು. ಎರಡನೆಯದಾಗಿ, ಮಾರಾಟಕ್ಕೆ ಬಂದ ಹಳೆಯ ವಾಹನದ ಮೀಟರಿನಲ್ಲಿ ಕಾಣುವ ಕಿಲೋಮೀಟರುಗಳನ್ನು ಅದರ ಆಯುಷ್ಯದ ಲೆಕ್ಕವೆಂದು ಒಪ್ಪಿಕೊಳ್ಳುವ ಮುನ್ನ ಹಲ್ಲುಗಳನ್ನು ಎಣಿಸತಕ್ಕದ್ದು.

೭. ಪದ್ಧತಿಯ ಮಿತಿಗಳು

ಗ್ಯಾರೇಜಿನ ವಿದ್ಯೆಯನ್ನು ಹೊಗಳುವ ಭರದಲ್ಲಿ ಅದರ ದೋಷಗಳನ್ನು ಮರೆಯುವುದು ನ್ಯಾಯವಲ್ಲ. ಚಿಕ್ಕ ಚಕ್ರದ ಹಲ್ಲನ್ನು ಇಷ್ಟಬಂದಷ್ಟು ಇಳಿಸಲಾಗದು. ಹಲ್ಲು ಕಡಿಮೆಯಾದಂತೆ ಚೈನಿನ ಪ್ರತಿಯೊಂದು ಕೊಂಡಿಯೂ ಹೆಚ್ಚು ಕಡಿದಾಗಿ ಮಡಿಯಬೇಕಾಗುತ್ತದೆ. ಹಲ್ಲುಚಕ್ರವು ಚೈನಿನ ದೃಷ್ಟಿಯಲ್ಲಿ ವೃತ್ತವಲ್ಲ, ಬಹುಭುಜ. ಭುಜಗಳು ಕಡಿಮೆಯಾದಷ್ಟೂ ಎಳೆತ ಅಸಮವಾಗುತ್ತದೆ, ಕೀಲುಗಳು ಬೇಗ ಸವೆಯುತ್ತವೆ. ಹೊಸ ಚಕ್ರಕ್ಕೆ ಹಳೆಯ ಚೈನನ್ನು ಹಾಕಿದರೆ, ಸವೆದು ಹಿಗ್ಗಿದ ಚೈನು ಹೊಸ ಹಲ್ಲುಗಳನ್ನು ಕೊಕ್ಕೆಯಂತೆ ತಿದ್ದಿಬಿಡುತ್ತದೆ. ಎರಡು ಚಕ್ರಗಳನ್ನೂ ಚೈನನ್ನೂ ಒಟ್ಟಿಗೆ ಬದಲಿಸಬೇಕೆಂದು ಒಳ್ಳೆಯ ಕೆಲಸಗಾರರು ಹೇಳುವುದು ವ್ಯಾಪಾರಕ್ಕಾಗಿಯಷ್ಟೇ ಅಲ್ಲ.

ಅಳತೆಯ ಸೂಕ್ಷ್ಮವೂ ಇದೆ. ಮುಂದೆ ಒಂದು ಹಲ್ಲು ಸೇರಿಸಿದರೆ ಹಿಂದಿನ ಇರಚಿಯನ್ನು ಒಂದು ಕೊಂಡಿಯ ಸುಮಾರು ಕಾಲುಭಾಗದಷ್ಟು ಮುಂದಕ್ಕೆ ಸರಿಸಬೇಕು. ಬುಲೆಟ್ಟಿನ ಚೈನಿನ ಕೊಂಡಿಯ ಅಂತರ ೫/೮ ಇಂಚು ಆಗಿರುವುದರಿಂದ ಇದು ಸುಮಾರು ನಾಲ್ಕು ಮಿಲಿಮೀಟರು. ಅರ್ಧ ಇಂಚಿನ ಜಾವಾ ಚೈನಿನಲ್ಲಿ ಸುಮಾರು ಮೂರು. ಒಂದು ಹಲ್ಲಿಗೆ ಸಾಮಾನ್ಯವಾಗಿ ಎಡೆಯಿರುತ್ತದೆ. ಮೂರು ಹಲ್ಲಿಗೆ ಇರದಿರಬಹುದು. ಇದಲ್ಲದೆ, ಹಲ್ಲು ಏರಿಸಿ ದುರ್ಬಲವಾದ ಎಂಜಿನ್ನಿನಿಂದ ಹೆಚ್ಚು ವೇಗವನ್ನು ನಿರೀಕ್ಷಿಸಿದವರು ನಿರಾಶರಾದುದೂ ಉಂಟು. ಗಾಳಿಯ ತಡೆಯನ್ನು ಮೀರುವ ಶಕ್ತಿ ಎಂಜಿನ್ನಿನಲ್ಲಿ ಇಲ್ಲದಿದ್ದರೆ ಹಲ್ಲು ಅದನ್ನು ಸೃಷ್ಟಿಸಲಾರದು. ಹಲ್ಲುಚಕ್ರವು ಇರುವ ಶಕ್ತಿಯನ್ನು ಹಂಚುತ್ತದೆ. ಇಲ್ಲದ ಶಕ್ತಿಯನ್ನು ತಂದುಕೊಡುವುದಿಲ್ಲ.

೮. ನಿರ್ಣಯವು ಕೈತಪ್ಪಿದ ಬಗೆ

೧೯೮೦ರ ದಶಕದ ನಡುವಿನಲ್ಲಿ ಜಪಾನೀ ಸಹಯೋಗದ ನೂರು ಘನ ಸೆಂಟಿಮೀಟರಿನ ವಾಹನಗಳು ಬಂದವು. ೧೯೮೫ರಲ್ಲಿ ಹೀರೋ ಹೊಂಡಾ ಸಿ.ಡಿ. ೧೦೦ ಮತ್ತು ಯಮಹಾ ಆರ್.ಎಕ್ಸ್. ೧೦೦ ಮಾರುಕಟ್ಟೆಗೆ ಬಂದ ಮೇಲೆ ಮಿತವ್ಯಯವನ್ನು ಬಯಸಿದವನು ಒಂದು ಕಡೆಗೂ ಚುರುಕನ್ನು ಬಯಸಿದವನು ಇನ್ನೊಂದು ಕಡೆಗೂ ಹೋದನು. ಸವಾರನ ಅಗತ್ಯಕ್ಕೆ ತಕ್ಕಂತೆ ಒಂದೇ ವಾಹನವನ್ನು ತಿದ್ದುವುದಕ್ಕೆ ಬದಲಾಗಿ, ಅಗತ್ಯಕ್ಕೊಂದು ವಾಹನವನ್ನು ಕೊಳ್ಳುವ ಕಾಲ ಬಂದಿತು. ಹನ್ನೊಂದು ವರ್ಷಗಳ ನಂತರ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಎಂಬ ಹೆಸರು ೨೦೨೨ರಲ್ಲಿಯೂ ಬೇರೆ ಸಂಸ್ಥೆಯ ಮೂಲಕ ಹೊಸ ವಾಹನಗಳ ಮೇಲೆ ಮರಳಿ ಬಂದವು.

೨೦೦೧ರಲ್ಲಿ ಹೊಂಡಾ ಆಕ್ಟಿವಾ ಬಂದಂದಿನಿಂದ ಗೇರಿಲ್ಲದ ಸ್ಕೂಟರುಗಳು ಮನೆಮನೆಗೂ ಹರಡಿದವು. ಅವುಗಳಲ್ಲಿ ಚೈನೂ ಇಲ್ಲ, ಹಲ್ಲುಚಕ್ರವೂ ಇಲ್ಲ. ರಬ್ಬರಿನ ಬೆಲ್ಟೊಂದು ತಾನಾಗಿ ಅಗಲ ಕಿರಿದಾಗುವ ರಾಟೆಗಳ ನಡುವೆ ಓಡುತ್ತದೆ. ಅಲ್ಲಿಯೂ ರಾಟೆಯೊಳಗಿನ ಉರುಳೆಗಳ ತೂಕವನ್ನು ಬದಲಿಸಿ ಹಳೆಯ ಪರಿಣಾಮವನ್ನೇ ಸಾಧಿಸುವವರಿದ್ದಾರೆ. ೨೦೨೦ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ಆರರ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಮೋಟಾರು ಸೈಕಲ್ಲಿನಲ್ಲಿಯೂ ಕಂಪ್ಯೂಟರು ಪ್ರಧಾನವಾಯಿತು. ಎಂಜಿನ್ನಿನ ಸುತ್ತನ್ನೂ ಗಾಲಿಯ ಸುತ್ತನ್ನೂ ತಾಳೆ ನೋಡಿ ಯಾವ ಗೇರು ಬಿದ್ದಿದೆಯೆಂದು ಊಹಿಸುವ ಕೆಲವು ವಾಹನಗಳಲ್ಲಿ ಹಲ್ಲು ಬದಲಾದರೆ ಆ ಊಹೆಯೇ ತಪ್ಪುತ್ತದೆ. ೨೦೧೩ರಲ್ಲಿ ಆರಂಭವಾದ ಬೆಂಗಳೂರಿನ ಏಥರ್ ಸಂಸ್ಥೆಯ ವಿದ್ಯುತ್ ಸ್ಕೂಟರಿನಲ್ಲಿ ಮಿತವ್ಯಯ, ಸಾಮಾನ್ಯ ಓಟ, ವೇಗ ಮೊದಲಾದ ಬಗೆಗಳನ್ನು ಸವಾರನು ಗುಂಡಿಯೊತ್ತಿ ಆರಿಸಿಕೊಳ್ಳುತ್ತಾನೆ.

ವೇಗಕ್ಕೂ ಎಳೆತಕ್ಕೂ ನಡುವಣ ಹಳೆಯ ವ್ಯವಹಾರವು ಈಗಲೂ ನಿಂತಿಲ್ಲ. ಆದರೆ ಅದು ನಡೆಯುವ ಸ್ಥಳ ಬದಲಾಗಿದೆ. ಹಿಂದೆ ಸವಾರನೂ ಕೆಲಸಗಾರನೂ ಸ್ಟೂಲಿನ ಮೇಲೆ ಕುಳಿತು ಬೆರಳಿನಿಂದ ಹಲ್ಲು ಎಣಿಸಿ ತೀರ್ಮಾನಿಸುತ್ತಿದ್ದರು; ತೀರ್ಮಾನ ತಪ್ಪಾದರೆ ಮರುದಿನ ಹಳೆಯ ಚಕ್ರವನ್ನೇ ಮರಳಿ ಹಾಕುತ್ತಿದ್ದರು. ಈಗ ತೀರ್ಮಾನದ ಬಹುಭಾಗವನ್ನು ತಯಾರಕನೇ ಮಾಡಿ ಮುಚ್ಚಿಟ್ಟು, ಆರಿಸಿಕೊಳ್ಳುವ ಅವಕಾಶವನ್ನು ಮಾತ್ರ ಸವಾರನಿಗೆ ಕೊಡುತ್ತಾನೆ. ಇದರಲ್ಲಿ ಅನುಕೂಲವಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ತಿಳಿದು ತಿದ್ದುವ ಅಧಿಕಾರವೊಂದು ಜನರ ಕೈತಪ್ಪಿತೆಂಬುದನ್ನೂ ಅಲ್ಲಗಳೆಯಲಾಗದು.

ರಸ್ತೆಯ ಚರಿತ್ರೆಯೂ ಇದಕ್ಕೆ ಸಮಾನಾಂತರವಾಗಿದೆ. ಕೆಂಗೇರಿಯ ಬಳಿಯಿಂದ ಮೈಸೂರಿನತ್ತ ಸಾಗುವ ಹೊಸ ಹೆದ್ದಾರಿಯು ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ದಾರಿಯಲ್ಲಿ ಮೋಟಾರು ಸೈಕಲ್ಲುಗಳಿಗೆ ಪ್ರವೇಶ ನಿಷಿದ್ಧವಾಯಿತು. ಮೈಸೂರಿನ ಮೋಟಾರು ಸೈಕಲ್ಲುಗಳು ಬೆಂಗಳೂರಿಗೆ ಬಂದ ದಿಕ್ಕಿನಲ್ಲಿ ಇಂದು ಅವುಗಳಿಗೆ ಉಳಿದಿರುವುದು ಪಕ್ಕದ ಸರ್ವಿಸ್ ರಸ್ತೆ.

೯. ಉಪಸಂಹಾರ

ಕಾರ್ಖಾನೆಯ ಚರಿತ್ರೆಗೆ ಕಡತಗಳಿವೆ; ಲೈಸೆನ್ಸುಗಳ, ಸಹಯೋಗದ ಒಪ್ಪಂದಗಳ, ಉದ್ಘಾಟನೆಯ ದಾಖಲೆಗಳಿವೆ. ಕಾರ್ಖಾನೆ ಮಾಡಿಕೊಟ್ಟ ಯಂತ್ರವನ್ನು ಈ ನಾಡಿನ ಜನ ತಮ್ಮ ಹೊರೆಗೂ ದಾರಿಗೂ ಒಗ್ಗಿಸಿಕೊಂಡ ಚರಿತ್ರೆಗೆ ಕಡತವಿಲ್ಲ. ನೋಂದಣಿ ಪುಸ್ತಕದಲ್ಲಿ ಎಂಜಿನ್ನಿನ ಸಂಖ್ಯೆಯನ್ನು ಬರೆಯುತ್ತಾರೆ, ಚಾಸಿಯ ಸಂಖ್ಯೆಯನ್ನು ಬರೆಯುತ್ತಾರೆ. ಹಲ್ಲಿನ ಸಂಖ್ಯೆಯನ್ನು ಬರೆಯುವುದಿಲ್ಲ. ಅದಕ್ಕಿರುವ ದಾಖಲೆಗಳು ಎರಡೇ: ಗ್ಯಾರೇಜಿನ ಮೂಲೆಯ ಡಬ್ಬದಲ್ಲಿರುವ ಸವೆದ ಚಕ್ರಗಳು, ಮತ್ತು ಅವನ್ನು ಬದಲಿಸಿದ ಹಿರಿಯ ಕೆಲಸಗಾರರ ನೆನಪು. ಮೊದಲನೆಯದು ಗುಜರಿಯವನ ತಕ್ಕಡಿಯಲ್ಲಿ ಕಿಲೋ ಲೆಕ್ಕಕ್ಕೆ ಹೋಗುತ್ತಿದೆ. ಎರಡನೆಯದರ ಅವಧಿಯೂ ದೀರ್ಘವಾದುದಲ್ಲ: ಮೈಸೂರಿನ ಕಾರ್ಖಾನೆ ತೆರೆದ ವರ್ಷ ಇಪ್ಪತ್ತರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವರು ಈಗ ಎಂಬತ್ತನ್ನು ದಾಟಿದ್ದಾರೆ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿಗಳ ಅಭಿಮಾನಿಗಳು ತಮ್ಮ ವಾಹನಗಳೊಡನೆ ಬೆಂಗಳೂರಿನಲ್ಲಿ ಸೇರುವುದುಂಟು. ಅಲ್ಲಿ ಬಣ್ಣವನ್ನೂ ಕ್ರೋಮಿನ ಹೊಳಪನ್ನೂ ಮೂಲದಂತೆಯೇ ಉಳಿಸಿಕೊಂಡವರಿಗೆ ಪ್ರಶಂಸೆ ಸಲ್ಲುವುದು ಸಹಜ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಮೂಲದಂತೆ ಉಳಿದ ವಾಹನಕ್ಕಿಂತ ಬದಲಾದ ವಾಹನವೇ ಹೆಚ್ಚು ಮಾತನಾಡುತ್ತದೆ. ಮೂಲದಂತಿರುವುದು ತಯಾರಕನ ಮಾತನ್ನು ಮಾತ್ರ ಹೇಳುತ್ತದೆ. ಬದಲಾದುದು ಒಡೆಯನ ಮಾತನ್ನೂ ಸೇರಿಸಿ ಹೇಳುತ್ತದೆ. ದುರಸ್ತಿಯ ಹೆಸರಿನಲ್ಲಿ ಹಳೆಯ ವಾಹನವನ್ನು ಮತ್ತೆ ಕಾರ್ಖಾನೆಯ ಸ್ಥಿತಿಗೆ ತರುವಾಗ ಈ ಎರಡನೆಯ ಮಾತು ಅಳಿಸಿಹೋಗುತ್ತದೆಂಬುದನ್ನು ಅಭಿಮಾನಿಗಳಾದ ಮಿತ್ರರು ಗಮನಿಸಬೇಕು. ಕಳಚಿದ ಚಕ್ರವನ್ನು ಎಸೆಯದೆ, ಹಲ್ಲುಗಳನ್ನು ಎಣಿಸಿ, ಯಾವ ವರ್ಷದ ವಾಹನ, ಯಾರ ಉಪಯೋಗ, ಯಾವ ದಾರಿ ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಿಟ್ಟರೆ ಸಾಕು, ಅದು ಆಕರವಾಗುತ್ತದೆ.

ಈ ಕಾರ್ಯಕ್ಕೆ ಹೆಚ್ಚಿನ ಧನವೂ ಬೇಕಿಲ್ಲ, ವಿಶೇಷ ಪರಿಣತಿಯೂ ಬೇಕಿಲ್ಲ. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಬೇಲೂರು ಹಳೇಬೀಡುಗಳ ಪ್ರವಾಸಕ್ಕೆ ಕರೆದೊಯ್ಯುವುದರ ಜೊತೆಗೆ, ಒಂದು ಮಧ್ಯಾಹ್ನ ಕಾಲೇಜಿನ ಹಿಂದಿನ ಬೀದಿಯ ಗ್ಯಾರೇಜಿಗೂ ಕರೆದೊಯ್ಯಲಿ. ಅಲ್ಲಿಯ ಹಿರಿಯರನ್ನು ಗೌರವದಿಂದ ಮಾತನಾಡಿಸಿ, ಅವರು ಹೇಳಿದುದನ್ನು ಬರೆದುಕೊಂಡು, ತೋರಿಸಿದ ಚಕ್ರದ ಹಲ್ಲುಗಳನ್ನು ಎಣಿಸಿ ಬರಲಿ. ನಮ್ಮ ನಾಡಿನ ಯಂತ್ರಯುಗದ ಚರಿತ್ರೆಯ ಅರ್ಧಭಾಗ ಇನ್ನೂ ಬರೆಯದೆ ಉಳಿದಿದೆ. ಅದನ್ನು ಬರೆಯಲು ಬೇಕಾದ ಸಾಮಗ್ರಿ ಇಂದು ಇದೆ, ಬಹುಕಾಲ ಇರುವುದಿಲ್ಲ.